ಹಿಂದಕ್ಕೆ ಹೋದ ತಾಂಬೂಲ

ಹೈಪೋದ ವಾಸನೆ ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಕಾಗದದ ಮೇಲೆ ಮೂಡಿದ ಚಿತ್ರ ಮತ್ತೆ ಕಪ್ಪಾಗದಂತೆ ಹಿಡಿದು ನಿಲ್ಲಿಸುವ ನೀರು ಅದು. ಹುಳಿ ಬಂದ ಮಜ್ಜಿಗೆಯ ಪಕ್ಕದಲ್ಲಿ ಯಾರೋ ಬೆಂಕಿಕಡ್ಡಿ ಗೀರಿದಂತೆ ಮೂಗಿಗೆ ಅಡರುತ್ತಿತ್ತು. ನನ್ನ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆಯಿತು. ಅಪ್ಪನ ಅಂಗಿಯಲ್ಲಿ ಅದಿತ್ತು, ಬೆರಳುಗಳಲ್ಲಿತ್ತು. ಅಪ್ಪ ಒಮ್ಮೆ ತಲೆ ಸವರಿದರೆ ಸಂಜೆಯವರೆಗೆ ನನ್ನ ಕೂದಲಲ್ಲೂ ಇರುತ್ತಿತ್ತು. ಊಟಕ್ಕೆ ಕೂರುವ ಮೊದಲು ಅಮ್ಮ ಹುಣಿಸೆಹಣ್ಣಿನ ಚರಟವನ್ನು ಅಪ್ಪನ ಅಂಗೈಗೆ ಹಾಕಿ, "ಚೆನ್ನಾಗಿ ತಿಕ್ಕಿಕೊಂಡು ಬನ್ನಿ, ಹುಳಿಗೆ ನಾನು ಹಾಕಿರೋ ಇಂಗು ನಿಮಗೆ ಗೊತ್ತಾಗಬೇಕು" ಎನ್ನುತ್ತಿದ್ದಳು.

ನಮ್ಮದು ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಕತ್ತಲೆ ಕೋಣೆ ಇದ್ದ ಉದ್ದನೆಯ ಕಟ್ಟಡ. ಕತ್ತಲೆ ಕೋಣೆಯ ಪಕ್ಕದ ಕಿರಿದಾದ ನಡೆಯನ್ನು ಹಾದೇ ಮನೆಯೊಳಕ್ಕೆ ಬರಬೇಕು. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗಲೂ ರಜೆಯ ದಿನಗಳಲ್ಲಿ ಆ ಕೋಣೆಯ ಕೆಂಪು ದೀಪದ ಕೆಳಗೆ ಅಪ್ಪನಿಗೆ ಕೈಜೋಡಿಸುತ್ತಿದ್ದೆ. ಹಾಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಒಂದು ಬೆಳಿಗ್ಗೆ ಅಚ್ಯುತ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಆಗ ನಾನು ಅವರು ಎಂದೇ ಹೇಳುತ್ತಿದ್ದೆ. ನೆನಪಿನಲ್ಲಿ ಮಾತ್ರ ಅವನು ಎಂದೇ ಬರುತ್ತಾನೆ.

ಊರ ಹೊರಗಿನ ದಿಬ್ಬದ ಮೇಲೆ ಹವಾಮಾನ ನೋಡುವ ಕಚೇರಿಯೊಂದಿತ್ತು. ಮಳೆ ಅಳೆಯುವ ಡಬ್ಬಿ, ಗಾಳಿ ಬಂದತ್ತ ಮುಖ ಮಾಡುವ ತಗಡಿನ ಕೋಳಿ, ಎರಡು ಕೋಣೆ, ಇಷ್ಟೇ. ಅಲ್ಲಿಗೆ ಮೋಡಗಳನ್ನು ಅಭ್ಯಾಸ ಮಾಡಲು ಬಂದಿದ್ದ ಹೊಸ ವಿಜ್ಞಾನಿ ಅವನು. ಎತ್ತರದ ಆಳು, ಸಡಿಲವಾದ ಅಂಗಿ, ಕೊರಳಲ್ಲಿ ಊರಿನಲ್ಲಿ ಯಾರೂ ಕಂಡಿರದ ಹೊಸ ಕ್ಯಾಮೆರಾ. ರೀಲನ್ನು ಅಪ್ಪನ ಕೈಗೆ ಕೊಡುವಾಗ ಹಸುಗೂಸನ್ನು ಕೊಡುವಂತೆ ಕೊಟ್ಟ.

"ಸ್ವಲ್ಪ ಹುಷಾರಾಗಿ ತೊಳೀಬೇಕು, ಸಾರ್. ಒಳಗೆ ಮೋಡ ಇದೆ."

ಅಪ್ಪ ಕನ್ನಡಕವನ್ನು ಹಣೆಗೇರಿಸಿ ಅವನನ್ನು ನೋಡಿದರು. "ನಮ್ಮ ಅಂಗಡಿಗೆ ಮದುವೆ ಹೆಣ್ಣುಗಳು ಬಂದಿದಾವೆ, ಹೊಸದಾಗಿ ಹಲ್ಲು ಬಂದಿರೋ ಮಕ್ಕಳು ಬಂದಿದಾವೆ. ಮೋಡ ಇದೇ ಮೊದಲು. ಪೌಡರ್ ಗಿವ್ಡರ್ ಹಾಕಬೇಕೇನಪ್ಪ?"

"ಬೇಡಿ ಸಾರ್, ಹುಟ್ಟಾ ಬಿಳಿ" ಎಂದ ಅವನು, ನಗದೆ.

ಅಂದಿನಿಂದ ಅವನು ನಮ್ಮ ಮನೆಗೆ ಬಳಕೆಯಾದ. ರೀಲು ತೊಳೆಸುವ ನೆಪದಲ್ಲಿ ಬಂದವನು ತೊಳೆದು ಒಣಗಿಸುವವರೆಗೂ ಕಾಯುತ್ತಿದ್ದ. ಕಾಯುವುದೆಂದರೆ ಕೂರುವುದಲ್ಲ. ಅವನಿಗೆ ಕೂರುವುದೇ ಬರುತ್ತಿರಲಿಲ್ಲ. ಹಜಾರದಲ್ಲಿ ಕುರ್ಚಿ ಹಾಕಿದರೆ ಅದರ ಬೆನ್ನು ಹಿಡಿದು ನಿಲ್ಲುತ್ತಿದ್ದ. ಮಾತಿನ ನಡುವೆಯೇ ಹೋಗಿ ಕಂಬದ ಮೇಲಿನ ಇರುವೆಸಾಲಿಗೆ ಅಡ್ಡವಾಗಿ ಬೆರಳಲ್ಲಿ ಗೆರೆ ಎಳೆದು ಅವು ದಾರಿ ತಪ್ಪುವುದನ್ನು ನೋಡುತ್ತಿದ್ದ. ಹಗ್ಗಕ್ಕೆ ಹಾಕಿದ ಸೀರೆ ಅಂಚಿನಿಂದ ಒಣಗುತ್ತದೋ ನಡುವಿನಿಂದಲೋ ಎಂದು ಹಿತ್ತಿಲಲ್ಲಿ ನಿಂತು ಕಾಯುತ್ತಿದ್ದ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಗ್ಗರಣೆ ಸೌಟಿಗೆ ಕಿವಿಗೊಟ್ಟು, "ಅಮ್ಮ, ಸಾಸಿವೆ ಸಿಡಿಯೋಕೆ ಮುಂಚೆ ಎಣ್ಣೆ ಒಂಥರಾ ಉಸಿರು ಹಿಡಿಯತ್ತೆ, ಕೇಳಿಸ್ಕೊಂಡಿದೀರಾ?" ಎಂದು ಕೇಳಿದ.

"ನಾನು ಕೇಳಿಸಿಕೊಳ್ಳೋದು ನಮ್ಮ ಮನೆಯವರು ಹಸಿವು ಅನ್ನೋದನ್ನ" ಎಂದಳು ಅಮ್ಮ. "ನಿನಗೆ ಬೇರೆ ಕೆಲಸ ಇಲ್ವೇನಪ್ಪ?"

"ಇದೇ ಕೆಲಸ, ಅಮ್ಮ."

ಅವನು ಹೋದ ಮೇಲೆ ಅಮ್ಮ ಸೌಟನ್ನು ಒಲೆಯ ಮೇಲಿಟ್ಟು ಸುಮ್ಮನೆ ಕಿವಿಗೊಟ್ಟು ನಿಂತದ್ದನ್ನು ನಾನು ಕಂಡೆ.

ಬೆಳಿಗ್ಗೆಯಿಂದ ಉತ್ಸಾಹದಲ್ಲಿ ಪುಟಿಯುತ್ತಿದ್ದವನು ಬಿಸಿಲು ಇಳಿಯತೊಡಗಿದರೆ ಬೇರೆಯೇ ಆಗಿಬಿಡುತ್ತಿದ್ದ. ಮಾತು ತುಂಡಾಗುತ್ತಿತ್ತು. ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಿದ್ದ. ಅಮ್ಮ ಕಾಫಿ ಬೆರೆಸಿ ತರುವುದರೊಳಗೆ, "ಬರ್ತೀನಿ ಸಾರ್, ಇನ್ನೊಂದಿನ" ಎಂದು ಹೊರಟುಬಿಡುತ್ತಿದ್ದ. ಅವನ ಚಡಪಡಿಕೆ ಅಂಟುಜಾಡ್ಯದಂತೆ ನನಗೂ ತಗುಲಿತು. ಓದಲು ಕುಳಿತರೆ ಪುಟ ಸರಿಯುತ್ತಿರಲಿಲ್ಲ. ಅಂಗಡಿಯ ಬಾಗಿಲು ಕಿರುಗುಟ್ಟಿದರೆ ಎದ್ದು ಹೋಗುತ್ತಿದ್ದೆ, ಬೇರೆ ಯಾರೋ ಆಗಿದ್ದರೆ ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಇದು ಏನೆಂದು ತಿಳಿಯದಷ್ಟು ಚಿಕ್ಕವಳೇನೂ ಆಗಿರಲಿಲ್ಲ ನಾನು. ಮದುವೆ ಎಂಬುದಾದರೆ ಇವನ ಜೊತೆ ಎಂದು ಮನಸ್ಸು ಹಟ ಹಿಡಿದಿತ್ತು. ಅವನ ಮನಸ್ಸೂ ತಿಳಿಯದ್ದಲ್ಲ. ಹಿತ್ತಿಲ ತೊಟ್ಟಿಯ ಬಳಿ ನಾನು ಫೋಟೋ ಕಾಗದಗಳನ್ನು ತೊಳೆಯುತ್ತಿದ್ದಾಗ ಒಮ್ಮೆ ಬಂದು ನಿಂತು, "ನಿಮ್ಮನ್ನ ಒಂದು ವಿಷಯ ಕೇಳಬೇಕು" ಎಂದಿದ್ದ. ಕೊಂಚ ತಡೆದು, "ಅದಕ್ಕೆ ಮುಂಚೆ ಒಂದು ವಿಷಯ ಹೇಳಬೇಕು" ಎಂದ. ಆಮೇಲೆ ಎರಡನ್ನೂ ಬಿಟ್ಟು, ನೀರಿನ ಮೇಲೆ ನಡೆಯುವ ಹುಳು ಯಾಕೆ ಮುಳುಗುವುದಿಲ್ಲ ಎಂಬುದನ್ನು ಬಹಳ ಹೊತ್ತು ವಿವರಿಸಿದ.

ಅಮ್ಮನಿಗೆ ಮಾತ್ರ ಅವನ ಮೇಲೆ ಮನಸ್ಸಿರಲಿಲ್ಲ. "ಒಂದು ಕಡೆ ಕೂರದವನು ಒಂದು ಮನೆ ನಿಲ್ಲಿಸ್ತಾನಾ?" ಎಂಬುದು ಅವಳ ವಾದ. ಅದಕ್ಕೆ ತುಪ್ಪ ಸುರಿಯಲು ಪಕ್ಕದ ಮನೆಯ ತುಂಗಕ್ಕ ಇದ್ದಳು. ದಿಬ್ಬದ ಮೇಲೆ ಮೇವು ಕೊಯ್ಯಲು ಹೋಗಿ ಬಂದವಳು ನಡುಮನೆಯಲ್ಲಿ ಕಾಲು ಚಾಚಿ ಕುಳಿತು ವರದಿ ಒಪ್ಪಿಸಿದಳು.

"ನಿಮ್ಮ ಮೋಡದ ಹುಡುಗ ಒಳಗೆ ಗ್ರಾಮಫೋನ್ ಹಾಕ್ಕೊಂಡು ಕುಣೀತಾನೆ ಕಣ್ರೀ. ನೆಲದ ತುಂಬ ಸುಣ್ಣದ ಕಡ್ಡೀಲಿ ಹೆಜ್ಜೆ ಬರೆದಿದಾನೆ. ಕೃಷ್ಣ ಬಂದನೇನೋ ಅಂದ್ಕೊಂಡೆ ನಾನು."

"ಒಬ್ಬನೇನಾ?" ಎಂದಳು ಅಮ್ಮ.

"ಒಬ್ಬ ಎಲ್ಲಿ? ಕ್ಯಾಮೆರಾ ನಿಲ್ಲಿಸೋ ಸ್ಟ್ಯಾಂಡು ಇಲ್ವಾ, ಅದನ್ನ ತಬ್ಬಿಕೊಂಡು. ಮೂರು ಕಾಲಿನ ಹೆಣ್ಣು. ಅದೂ ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ."

ಅದು ಟ್ಯಾಂಗೋ ಎಂಬ ಕುಣಿತ, ದೂರದ ದೇಶದ್ದು ಎಂದು ಅವನು ಮಾರನೆಯ ದಿನ ತಾನೇ ಹೇಳಿದ. ಮುಚ್ಚುಮರೆ ಏನೂ ಇರಲಿಲ್ಲ. ಅಪ್ಪನ ಎದುರಿಗೇ ಹಜಾರದ ಉದ್ದಕ್ಕೂ ನಡೆದು ತೋರಿಸಿದ. ಕುಣಿತದಂತೆ ಕಾಣಲಿಲ್ಲ, ಯಾರೋ ಜಾರುವ ನೆಲದ ಮೇಲೆ ಎಚ್ಚರದಿಂದ ಹೆಜ್ಜೆಯಿಡುವಂತೆ ಕಂಡಿತು. "ಇಷ್ಟೇನಾ? ಇದು ನಡಿಗೆ" ಎಂದರು ಅಪ್ಪ. "ಹೌದು ಸಾರ್, ನಡಿಗೇನೆ. ಅದೇ ಕಷ್ಟ" ಎಂದ.

ಅಮ್ಮನ ಮನಸ್ಸು ತಿರುಗಿದ್ದು ಕರಿಬೇವು ಮಾರುವ ಲಿಂಗಮ್ಮನಿಂದ. ಬುಟ್ಟಿ ಹೊತ್ತು ಎಷ್ಟೋ ವರ್ಷಗಳಿಂದ ನಮ್ಮ ಬೀದಿಗೆ ಬರುತ್ತಿದ್ದ ಮುದುಕಿ. ಸ್ಟುಡಿಯೋದ ಕನ್ನಡಿ ಪೆಟ್ಟಿಗೆಯ ಫೋಟೋಗಳನ್ನು ದಿನವೂ ನಿಂತು ನೋಡಿ ಹೋಗುತ್ತಿದ್ದಳು, ಒಳಗೆ ಕಾಲಿಟ್ಟವಳಲ್ಲ. ಹಿಂದಿನ ರಾತ್ರಿಯ ಮಳೆಯಲ್ಲಿ ಬೀದಿ ಕೆಸರಾಗಿದ್ದ ಒಂದು ದಿನ ಅಚ್ಯುತ ಅವಳೆದುರು ಆ ಕೆಸರಲ್ಲೇ ಮಂಡಿಯೂರಿ, ಅವಳು ಬುಟ್ಟಿ ಇಳಿಸಿ ನಗುವವರೆಗೆ ಕಾದು, ಫೋಟೋ ತೆಗೆದ. ಕಟ್ಟು ಹಾಕಿಸಿ ಅವಳ ಕೈಗಿಟ್ಟಾಗ ಲಿಂಗಮ್ಮ, "ಈ ಯಮ್ಮ ಚೆಂದಾಗವ್ಳೆ, ಯಾರು?" ಎಂದು ಕೇಳಿದಳಂತೆ. ಇದನ್ನೆಲ್ಲ ಅಮ್ಮ ಜಗಲಿಯಿಂದ ನೋಡಿದ್ದಳು. ಆ ದಿನ ಅವನ ಪಂಚೆಯ ಕೆಸರು ತೊಳೆಯಲು ಬಿಸಿನೀರು ಕೊಡುತ್ತ, "ಕೂರೋಕೆ ಬರದಿದ್ರೂ ಈ ಹುಡುಗನಿಗೆ ಮಂಡಿಯೂರೋಕೆ ಬರತ್ತೆ" ಎಂದು ನನಗೆ ಕೇಳುವಂತೆ ಹೇಳಿದಳು.

ಅಮ್ಮನ ತವರಿನ ಕಡೆ ಒಂದು ಪದ್ಧತಿ. ಹುಡುಗ ಒಪ್ಪಿಗೆಯಾದನೆಂದು ಹುಡುಗಿಯ ತಾಯಿ ಬಾಯಿಬಿಟ್ಟು ಹೇಳುವುದಿಲ್ಲ. ಅವನು ಮನೆಗೆ ಬಂದಿರುವ ಒಂದು ಸಂಜೆ, ದೇವರ ಮುಂದೆ ದೀಪ ಹಚ್ಚಿ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ತೆಂಗಿನಕಾಯಿ ಇಟ್ಟು, ಮಾತಿಲ್ಲದೆ ಅವನ ಮುಂದೆ ಹಿಡಿಯುತ್ತಾಳೆ. ಮುಂಚೆ ಯಾರೂ ಅವನಿಗೆ ಸುಳಿವು ಕೊಡುವಂತಿಲ್ಲ. ತಾಂಬೂಲದ ಅರ್ಥ ಯಾವ ಮನೆಯ ಮಗನಿಗೆ ತಾನೇ ತಿಳಿಯದು? ಅವನು ಎರಡೂ ಕೈ ಚಾಚಿ ತೆಗೆದುಕೊಂಡರೆ ಸಂಬಂಧ ಕೂಡಿತು. ತೆಗೆದುಕೊಳ್ಳದಿದ್ದರೆ ಅಲ್ಲಿಗೆ ಮುಗಿಯಿತು. ಯಾಕೆಂದು ಕೇಳುವಂತಿಲ್ಲ, ಮುಂದೆ ಎಂದೂ ಆ ಮಾತೆತ್ತುವಂತಿಲ್ಲ. ಮಾತೇ ಆಡದ್ದರಿಂದ ಎರಡು ಕಡೆಯ ಮಾನವೂ ಉಳಿಯುತ್ತದೆ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಆದರೆ ಒಮ್ಮೆ ಹಿಂದಕ್ಕೆ ಹೋದ ತಟ್ಟೆಯನ್ನು ಅದೇ ಹುಡುಗನಿಗೆ ಎರಡನೆಯ ಸಲ ಹಿಡಿಯುವಂತಿಲ್ಲ.

ಆ ಸಂಜೆ ಅಪ್ಪನೇ ಅವನನ್ನು ತಡೆದು ನಿಲ್ಲಿಸಿದರು. ತಾತನ ಕಾಲದ ಮರದ ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿ ಒಂದೊಂದೇ ಭಾಗ ಬಿಚ್ಚಿ ತೋರಿಸತೊಡಗಿದರು. ಹೊರಗೆ ಮೋಡ ಕವಿದಿತ್ತು, ಹೊತ್ತಿಗೆ ಮುಂಚೆಯೇ ಮಬ್ಬಾಯಿತು. ಅವನು ಎದ್ದ, ಅಪ್ಪ ಮತ್ತೆ ಕೂರಿಸಿದರು, ಮತ್ತೆ ಎದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಒಳಗಿನಿಂದ ದೀಪದ ಬೆಳಕು ಹಜಾರದ ಅರ್ಧಕ್ಕೆ ಬಂದು ಬಿದ್ದಿತ್ತು. ನಮಗೆ ಅದು ಸಾಕಾಗುವಷ್ಟಿತ್ತು. ಹಸಿರು ಅಂಚಿನ ಸೀರೆಯುಟ್ಟ ಅಮ್ಮ ತಟ್ಟೆ ಹಿಡಿದು ಬಂದು ಅವನೆದುರು ನಿಂತಳು.

ಅಚ್ಯುತ ಅಮ್ಮನ ಬಳೆಯ ಸದ್ದು ಬಂದತ್ತ ಮುಖ ತಿರುಗಿಸಿದ. ಕೈ ಚಾಚಲಿಲ್ಲ. ಕೊರಳಿನ ಕ್ಯಾಮೆರಾ ಎತ್ತಿದ. ಫ್ಲ್ಯಾಷ್ ಬಲ್ಬಿನ ಬೆಳಕು ಅಮ್ಮನ ಮುಖಕ್ಕೆ ಹೊಡೆಯಿತು. "ಚೆನ್ನಾಗಿ ಬಂದಿರತ್ತೆ ನೋಡ್ತಿರಿ, ಅಮ್ಮ" ಎಂದ, ನಗುತ್ತ. ಆಮೇಲೆ ಚೀಲದಿಂದ ಬ್ಯಾಟರಿ ತೆಗೆದು, ಅದರ ಬೆಳಕಿನ ವೃತ್ತದಲ್ಲೇ ಕಣ್ಣಿಟ್ಟು, ಅಮ್ಮನ ಪಕ್ಕದಿಂದಲೇ ಹಾದು ಮೆಟ್ಟಿಲಿಳಿದು ಹೋದ.

ಅಮ್ಮ ಕೈ ಚಾಚಿಕೊಂಡೇ ನಿಂತಿದ್ದಳು. ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಮ್ಮ ತಲೆಯಾಡಿಸಿ ಬೇಡವೆಂದು, ತಟ್ಟೆಯನ್ನು ಎದೆಗವಚಿಕೊಂಡು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಆ ತೆಂಗಿನಕಾಯನ್ನು ಚಟ್ನಿಗೆ ಒಡೆದಳು. ನಾನು ಚಟ್ನಿ ಮುಟ್ಟದೆ ಬರೀ ದೋಸೆ ತಿಂದೆದ್ದೆ.

ಅವನು ಏನೂ ಆಗದವನಂತೆ ಮತ್ತೆ ಬಂದ. ಅದೇ ಉತ್ಸಾಹ, ಅದೇ ಇರುವೆ, ಅದೇ ಮೋಡ. ಇಲ್ಲಿಯವರೆಗೆ "ನೀನು" ಎನ್ನುತ್ತಿದ್ದ ಅಮ್ಮ ಈಗ ಅವನನ್ನು ಬಹುವಚನಕ್ಕೆ ಏರಿಸಿದ್ದಳು, ಅದೂ ಅಪ್ಪನ ಮುಖಾಂತರ. "ಕಾಫಿಗೆ ಸಕ್ಕರೆ ಸಾಕಂತಾ ಕೇಳಿ ಅವರನ್ನ" ಎಂದು ಬಾಗಿಲ ಹಿಂದಿನಿಂದ ಕೇಳುತ್ತಿದ್ದಳು. ಅವನಿಗೆ ಬದಲಾವಣೆ ತಿಳಿಯಿತು, ಕಾರಣ ತಿಳಿಯಲಿಲ್ಲ. "ಅಮ್ಮನಿಗೆ ಮೈ ಹುಷಾರಿಲ್ವಾ?" ಎಂದು ನನ್ನನ್ನು ಕೇಳಿದ. ಕೇಳುವಂತಿಲ್ಲದ್ದನ್ನು ಕೇಳಲೂ ಆಗದೆ, ಹೇಳುವಂತಿಲ್ಲದ್ದನ್ನು ಹೇಳಲೂ ಆಗದೆ ನಾನು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೇಡವೆಂದವನು ಯಾಕೆ ಬರುತ್ತಾನೆ? ಬೇಡವೆನ್ನುವುದಾದರೆ ಹಾಗೆ ಮುಖಕ್ಕೆ ಬೆಳಕು ಹೊಡೆದು ಹೇಳಬೇಕೆ? ಈ ಎರಡು ಪ್ರಶ್ನೆಗಳ ನಡುವೆ ನಾನು ದಿನಗಟ್ಟಲೆ ಓಡಾಡಿದೆ.

ಆ ರೀಲು ತುಂಬಿ ಅಪ್ಪನ ಕೈಗೆ ಬಂದದ್ದು ಆಮೇಲೆ. ಒಂದು ಮಧ್ಯಾಹ್ನ ಕೆಂಪು ದೀಪದ ಕೆಳಗೆ ನಾವಿಬ್ಬರೂ ಅದರ ಪ್ರಿಂಟು ಹಾಕುತ್ತಿದ್ದೆವು. ಮೋಡ, ಮೋಡ, ಬೇಲಿಯ ಮೇಲೊಂದು ಓತಿಕ್ಯಾತ, ಮತ್ತೆ ಮೋಡ. ಮುಂದಿನ ಕಾಗದವನ್ನು ಇಕ್ಕಳದಲ್ಲಿ ಹಿಡಿದು, ಚಿತ್ರ ಮೂಡಿಸುವ ನೀರಿನಲ್ಲಿ ಅದ್ದಿ ಅಲುಗಿಸಿದೆ. ಮೊದಲು ಬಳೆಗಳು ಮೂಡಿದವು. ಆಮೇಲೆ ಎರಡು ಕೈ, ಕೈಗಳ ನಡುವೆ ತಟ್ಟೆ, ತಟ್ಟೆಯ ಮೇಲೆ ಕಾಯಿ, ಕೊನೆಗೆ ಅಮ್ಮನ ಮುಖ. ಆ ಮುಖದಲ್ಲಿ ಇನ್ನೂ ಅವಮಾನ ಇರಲಿಲ್ಲ. ಅವಳು ನಾಚಿಕೊಂಡಿದ್ದಳು, ತನ್ನದೇ ಮದುವೆಯೇನೋ ಎಂಬಂತೆ.

ಕಾಗದವನ್ನು ಹೈಪೋಗೆ ಹಾಕುವಾಗ ಅದು ಇಕ್ಕಳದಿಂದ ಜಾರಿ ಬಿದ್ದು ನೀರು ಮುಖಕ್ಕೆ ಸಿಡಿಯಿತು. ನಮ್ಮ ಮನೆಯ ಹಳೆಯ ವಾಸನೆ ಆ ಹೊತ್ತು ಉಸಿರು ಕಟ್ಟಿಸಿತು.

ಅಪ್ಪ ಬಹಳ ಹೊತ್ತು ನೋಡಿದರು. "ಮೂವತ್ತು ವರ್ಷದಿಂದ ಜನರನ್ನ ಕೂರಿಸಿ ಫೋಟೋ ತೆಗೀತಿದೀನಿ, ಮಗು. ಎದುರಿಗಿರೋದು ಕಂಡವನು ತೆಗೆದಿದ್ದಲ್ಲ ಇದು. ತಟ್ಟೆ ಅರ್ಧ ಕತ್ತರಿಸಿ ಹೋಗಿದೆ ನೋಡು. ಸದ್ದು ಬಂದ ಕಡೆ ಹಿಡಿದಿದಾನೆ."

ಕೇಳಬಾರದೆಂಬ ಕಟ್ಟು ಅಮ್ಮನ ತವರಿನದು. ಒಂದು ಫೋಟೋ ತಲುಪಿಸಬಾರದೆಂದು ಯಾರೂ ಹೇಳಿರಲಿಲ್ಲ. ಪ್ರಿಂಟು ಒಣಗಿದ ಕೂಡಲೇ ಲಕೋಟೆಯಲ್ಲಿಟ್ಟುಕೊಂಡು, ಹಾಡಹಗಲಲ್ಲಿ ದಿಬ್ಬ ಹತ್ತಿದೆ.

ಒಳಗೆ ಗ್ರಾಮಫೋನ್ ಹಾಡುತ್ತಿತ್ತು. ಹಾಡಿನಲ್ಲಿ ಯಾರೋ ಹೊರಡಲು ಎದ್ದು ಮತ್ತೆ ಮತ್ತೆ ಬಾಗಿಲಲ್ಲೇ ನಿಂತುಬಿಡುವಂತಿತ್ತು. ತುಂಗಕ್ಕ ಹೇಳಿದ್ದ ಸುಣ್ಣದ ಹೆಜ್ಜೆಗಳನ್ನು ತುಳಿಯದಂತೆ ಅಂಚಿನಲ್ಲೇ ನಡೆದು ಲಕೋಟೆ ಕೊಟ್ಟೆ. ಅವನು ಚಿತ್ರವನ್ನು ಕಿಟಕಿಯ ಬಳಿಗೆ ಒಯ್ದು ಬೆಳಕಿಗೆ ಹಿಡಿದ.

"ಅಮ್ಮ ಎಷ್ಟು ಚೆನ್ನಾಗಿದಾರೆ. ಹೇಳಲಿಲ್ವಾ ನಾನು?" ಎಂದವನು ತಡೆದ. "ಕೈಯಲ್ಲೇನದು?"

"ತಾಂಬೂಲ."

"ಯಾರಿಗೆ?"

ನಾನು ಅವನನ್ನೇ ನೋಡಿದೆ. ಅವನು ಗ್ರಾಮಫೋನಿನ ಮುಳ್ಳು ಎತ್ತಿ ಹಾಡು ನಿಲ್ಲಿಸಿ, ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕುಳಿತ. ಅವನು ಪೂರ್ತಿಯಾಗಿ, ಅಲುಗಾಡದೆ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅವತ್ತು ತೊಟ್ಟಿ ಹತ್ರ ಹೇಳಬೇಕು ಅಂದ್ಕೊಂಡು ಹೇಳದೇ ಹೋಗಿದ್ದು ಇದನ್ನೇ. ನನಗೆ ಇರುಳುಗಣ್ಣು. ಹಗಲು ಏನೂ ತೊಂದರೆ ಇಲ್ಲ. ಸಂಜೆ ಆದ್ರೆ ಮುಖಕ್ಕೆ ಕಂಬಳಿ ಹೊದಿಸಿದ ಹಾಗೆ. ನಮ್ಮ ಸೋದರಮಾವನಿಗೂ ಹೀಗೇ ಶುರುವಾಯ್ತು. ನನ್ನ ಸಾಕಿದವನು ಅವನೇ. ಅಂಚಿನಿಂದ ಮುಚ್ಚಿಕೊಳ್ಳುತ್ತಾ ಬಂದು ಒಂದು ದಿನ ಹಗಲೂ ಹೋಯ್ತು."

"ಮತ್ತೆ ಈ ಕ್ಯಾಮೆರಾ?"

"ಸಂಜೆ ಏನೇನಿತ್ತು ಅಂತ ನಾನು ಮಾರನೇ ದಿನ ನೋಡ್ತೀನಿ. ಊರಲ್ಲಿ ಯಾರ ಹತ್ರಾನೂ ಇಲ್ಲದ ಈ ಹೊಸ ಕ್ಯಾಮೆರಾ ನಾನು ಯಾಕೆ ತಂದೆ ಅಂದ್ಕೊಂಡ್ರಿ? ಹಳೇದಕ್ಕಿಂತ ಕಮ್ಮಿ ಬೆಳಕಲ್ಲಿ ಅದು ನೋಡತ್ತೆ." ಅವನು ನೆಲದ ಹೆಜ್ಜೆಗಳತ್ತ ಕೈ ತೋರಿಸಿದ. "ಇದರಲ್ಲಿ ಇಬ್ಬರಿರ್ತಾರೆ. ಒಬ್ಬರು ನಡೆಸೋರು, ಇನ್ನೊಬ್ಬರು ಹಿಂಬಾಲಿಸೋರು. ಹಿಂಬಾಲಿಸೋರಿಗೆ ಕಣ್ಣಿನ ಕೆಲಸವೇ ಇಲ್ಲ. ಎದುರಿಗಿರೋರ ಮೈ ಎತ್ತ ವಾಲತ್ತೋ ಅತ್ತ ಕಾಲಿಡೋದು. ನಾನು ಕಲೀತಿರೋದು ಆ ಹೆಜ್ಜೆ. ಸ್ಟ್ಯಾಂಡು ಚೆನ್ನಾಗಿ ನಡೆಸಲ್ಲ, ಪಾಪ."

"ಈಗ ನಾನು ಕಾಣ್ತಿದೀನಾ?" ಎಂದು ಕೇಳಿದೆ.

"ಕಾಣ್ತಿದೀರಿ. ಗಲ್ಲದ ಮೇಲೆ ಹೈಪೋ ಒಣಗಿ ಬಿಳಿ ಕಲೆ ಆಗಿದೆ."

ಸೆರಗಿನಿಂದ ಒರೆಸಿಕೊಂಡೆ. "ಅಮ್ಮನಿಗೆ ನೀವೇ ಬಂದು ಹೇಳಿ" ಎಂದೆ. "ಹಗಲಲ್ಲಿ ಬನ್ನಿ."

ದಿಬ್ಬ ಇಳಿಯುವಾಗ ಯಾರೂ ಇಲ್ಲದ ತಿರುವಿನಲ್ಲಿ ಕಣ್ಣು ಮುಚ್ಚಿ ನಡೆದು ನೋಡಿದೆ. ಕೊಂಚ ದೂರಕ್ಕೇ ಕಲ್ಲೊಂದನ್ನು ಎಡವಿ ಕಣ್ಣು ತೆರೆದೆ. ನನಗೆ ಭಯವಾಗಿತ್ತು. ಭಯವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮನೆ ಮುಟ್ಟುವಷ್ಟರಲ್ಲಿ, ಆ ದಾರಿಯನ್ನು ಅವನು ಪ್ರತಿ ಸಂಜೆ ಒಬ್ಬನೇ ನಡೆಯುತ್ತಾನೆಂಬ ಯೋಚನೆ ನನ್ನ ಭಯಕ್ಕಿಂತ ದೊಡ್ಡದಾಗಿತ್ತು.

ಅವನು ಮಾರನೆಯ ಬೆಳಿಗ್ಗೆಯೇ ಬಂದ. ಅಮ್ಮ ಜಗಲಿಯ ಬಿಸಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಅವನು ಎದುರಿಗೆ ನೆಲದ ಮೇಲೆ ಕುಳಿತು, ಫೋಟೋವನ್ನು ಮೊರದ ಪಕ್ಕದಲ್ಲಿಟ್ಟು, ಎಲ್ಲವನ್ನೂ ಹೇಳಿದ. ಅಮ್ಮ ಕೈ ನಿಲ್ಲಿಸಲಿಲ್ಲ. ಕಲ್ಲು ಸಿಕ್ಕಿದಾಗ ಎತ್ತಿ ಹೊರಗೆ ಎಸೆಯುತ್ತ ಕೇಳಿಸಿಕೊಂಡಳು.

"ಪೂರ್ತಿ ಹೋಗತ್ತಾ?"

"ಹೋಗತ್ತೆ, ಅಮ್ಮ. ಯಾವಾಗ ಅಂತ ಯಾರೂ ಹೇಳಲ್ಲ."

"ಔಷಧ?"

"ಇಲ್ಲ."

"ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಿರಲಿಲ್ಲ."

"ಆಮೇಲೆ ನಿಮ್ಮ ಮನೇಲಿ ಕೂತು ಉಣ್ಣೋಕೆ ನನಗೆ ಆಗ್ತಿರಲಿಲ್ಲ."

ಅಮ್ಮ ಮೊರವನ್ನು ಒಮ್ಮೆ ಕೇರಿ ಎದ್ದಳು. "ಹೋಗಿ ಬನ್ನಿ" ಎಂದಳು. ಬಹುವಚನ ಹಾಗೆಯೇ ಇತ್ತು. ಅವನು ತಲೆಬಾಗಿ ಹೊರಟುಹೋದ. ಫೋಟೋ ಮಾತ್ರ ಜಗಲಿಯ ಮೇಲೆ ಉಳಿದಿರಲಿಲ್ಲ, ಅಮ್ಮ ಎತ್ತಿಕೊಂಡಿದ್ದಳು.

ಆ ಮಧ್ಯಾಹ್ನ ಬಡಿಸುವಾಗ ಅಪ್ಪನೇ ಮಾತು ತೆಗೆದರು. "ನಮ್ಮ ಮದುವೆ ಆದಾಗಿನಿಂದ ನಾನೂ ಕತ್ತಲೆ ಕೋಣೇಲೇ ಇದೀನಿ. ನೀನೇನು ಬಿಟ್ಟು ಹೋದ್ಯಾ?"

"ನೀವು ಬಾಗಿಲು ತೆಕ್ಕೊಂಡು ಊಟಕ್ಕೆ ಬರ್ತಿದ್ರಿ" ಎಂದಳು ಅಮ್ಮ.

ಅಮ್ಮ ಹುಳಿಯ ಪಾತ್ರೆ ಕೆಳಗಿಟ್ಟು ನನ್ನತ್ತ ತಿರುಗಿದಳು. "ಇದೆಲ್ಲ ಗೊತ್ತಾದ ಮೇಲೂ ನಿನಗೆ?"

"ಗೊತ್ತಾದ ಮೇಲೂ, ಅಮ್ಮ."

"ಇವತ್ತಿನ ಬಿಸಿಯಲ್ಲಿ ಹೇಳಬೇಡ. ಮುದುಕಿ ಆದಮೇಲೆ ಅವನ ಕೈ ಹಿಡ್ಕೊಂಡು ಬಚ್ಚಲಿಗೆ ನಡೆಸೋಳು ನೀನು."

"ನಡೆಸ್ತೀನಿ."

ಅಮ್ಮ ಕಣ್ಣು ತಪ್ಪಿಸಿದಳು. "ತಟ್ಟೆ ಎರಡು ಸಲ ಹಿಡಿಯೋ ಹಾಗಿಲ್ಲ. ನಮ್ಮಮ್ಮ ಹಿಡೀಲಿಲ್ಲ, ಅವರಮ್ಮ ಹಿಡೀಲಿಲ್ಲ. ನಾನು ಹೇಗೆ ಹಿಡೀಲಿ?" ಎಂದಳು. ಅದು ನಿರಾಕರಣೆಯಂತೆ ಕೇಳಲಿಲ್ಲ. ದಾರಿ ತಿಳಿಯದವಳು ಯಾರನ್ನೋ ಕೇಳಿದಂತೆ ಕೇಳಿತು.

ಆ ದಿನಗಳು ಹೇಗೆ ಕಳೆದವೋ. ಅವನು ಬರಲಿಲ್ಲ. ಅಂಗಡಿಯ ಬಾಗಿಲು ಕಿರುಗುಟ್ಟಿದರೆ ಈಗ ನಾನಷ್ಟೇ ಅಲ್ಲ, ಅಪ್ಪನೂ ತಲೆ ಎತ್ತುತ್ತಿದ್ದರು. ಅಮ್ಮ ಒಂದು ಕೆಲಸ ಹಿಡಿದು ಇನ್ನೊಂದಕ್ಕೆ ಹೋಗುತ್ತಿದ್ದಳು, ಹಾಲು ಉಕ್ಕಿಸಿದಳು, ಹುಳಿಗೆ ಉಪ್ಪು ಮರೆತಳು. ಅಷ್ಟರಲ್ಲೇ ನಾನು ಒಂದು ವಿಚಿತ್ರವನ್ನು ಗಮನಿಸಿದೆ. ಕತ್ತಲೆ ಕೋಣೆಯ ಪಕ್ಕದ ನಡೆಯಲ್ಲಿ ಮೊದಲಿನಿಂದಲೂ ಇದ್ದ ವಸ್ತುಗಳು ಒಂದೊಂದಾಗಿ ಜಾಗ ಬಿಡುತ್ತಿದ್ದವು. ಚಪ್ಪಲಿ ಸ್ಟೂಲು ಹಿತ್ತಿಲಿಗೆ ಹೋಯಿತು. ಛತ್ರಿಗಳು ಮೊಳೆಗೇರಿದವು. ಎಲ್ಲರ ಮೊಣಕಾಲಿಗೂ ತಗುಲುತ್ತಿದ್ದ ತಾಮ್ರದ ಹಂಡೆಯನ್ನು ಅಮ್ಮ ಒಬ್ಬಳೇ ಉರುಳಿಸಿಕೊಂಡು ಬಚ್ಚಲ ಮೂಲೆಗೆ ಸೇರಿಸಿದ್ದಳು. ಒಂದು ಮುಸ್ಸಂಜೆ ಕಾಲೇಜಿನಿಂದ ತಡವಾಗಿ ಬಂದೆ. ದೀಪ ಹಚ್ಚಿರಲಿಲ್ಲ. ಅಮ್ಮ ಗೋಡೆಗೆ ಅಂಗೈ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ನಡೆಯ ಆ ತುದಿಯಿಂದ ನನ್ನತ್ತ ನಿಧಾನವಾಗಿ ಬರುತ್ತಿದ್ದಳು. ನನ್ನ ಹೆಜ್ಜೆಯ ಸಪ್ಪಳಕ್ಕೆ ಬೆಚ್ಚಿ ನಿಂತಳು.

"ಏನಮ್ಮ?"

"ಎಣ್ಣೆ ಸೀಸೆ ಹುಡುಕ್ತಿದ್ದೆ" ಎಂದಳು.

ಮರುದಿನ ಅಪ್ಪ ಅಂಗಿ ತೊಡುವಾಗ ಅಮ್ಮ ಒಳಗಿನಿಂದಲೇ ಹೇಳಿದಳು: "ಸಂಜೆ ಅವನನ್ನ ಕರ್ಕೊಂಡು ಬನ್ನಿ. ಒಬ್ಬನೇ ಬರೋದು ಬೇಡ, ನೀವೇ ಹೋಗಿ." ಅವನನ್ನ ಎಂದಳು. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು.

ದೀಪ ಹಚ್ಚಿದ ಮೇಲೆ ಅಪ್ಪ ಅವನ ತೋಳು ಹಿಡಿದು ಕರೆತಂದರು. ಕೊರಳಲ್ಲಿ ಕ್ಯಾಮೆರಾ ಇರಲಿಲ್ಲ. ಯಾವುದಕ್ಕೆ ಕರೆದಿದ್ದಾರೆಂದು ಅವನಿಗೂ ತಿಳಿಯದು, ನಮಗೂ ತಿಳಿಯದು. ಚಾಪೆಯ ಮೇಲೆ ಕುಳಿತು ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲತ್ತ ಮುಖ ಮಾಡಿದ.

ಅಮ್ಮ ಒಳಗಿನಿಂದ ತಾಂಬೂಲದ ತಟ್ಟೆಯಲ್ಲ, ಊಟದ ತಟ್ಟೆ ಹಿಡಿದು ಬಂದಳು.

ನಮ್ಮ ಮನೆಯಲ್ಲಿ ದಿನದ ಊಟಕ್ಕೆ ತಟ್ಟೆಯಲ್ಲಿ ಯಾವ ಕ್ರಮವೂ ಇರಲಿಲ್ಲ. ಎಲ್ಲಿ ಜಾಗವಿತ್ತೋ ಅಲ್ಲಿಗೆ ಬೀಳುತ್ತಿತ್ತು. ಕ್ರಮವಿದ್ದದ್ದು ಹಬ್ಬದ ಎಲೆಗೆ. ಎಡತುದಿಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಬಲಗಡೆ ಕೆಳಗೆ ಪಾಯಸ, ನಡುವೆ ಅನ್ನ. ಯಾವ ಊರಲ್ಲಿ ಯಾರ ಮದುವೆಗೆ ಹೋದರೂ ಅದು ಹಾಗೆಯೇ. ಎಲೆಯ ಮುಂದೆ ಕುಳಿತವನು ಏನು ಎಲ್ಲಿದೆಯೆಂದು ನೋಡಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಅಂದು ಅಮ್ಮ ಆ ದುಂಡನೆಯ ತಟ್ಟೆಯಲ್ಲಿ ಎಲ್ಲವನ್ನೂ ಎಲೆಯ ಕ್ರಮದಲ್ಲಿ ಬಡಿಸಿದ್ದಳು.

ಅವನೆದುರು ಮಂಡಿಯೂರಿ ಕುಳಿತು, ಉಪ್ಪು ಅವನ ಎಡಗಡೆಗೆ ಬರುವಂತೆ ತಟ್ಟೆಯನ್ನು ಕೊಂಚ ತಿರುಗಿಸಿದಳು. "ತಗೋ" ಎಂದಳು, ಇಷ್ಟೇ. ಅವನ ಎರಡೂ ಕೈಗಳು ಮೇಲೆದ್ದವು. ಆದರೆ ತಟ್ಟೆ ಇದ್ದಲ್ಲಿಗೆ ಬರದೆ ಸ್ವಲ್ಪ ಪಕ್ಕದಲ್ಲಿ, ಗಾಳಿಯಲ್ಲಿ ನಿಂತವು. ಅಮ್ಮ ಏನೂ ಹೇಳದೆ ತಟ್ಟೆಯನ್ನು ಆ ಕೈಗಳು ಇದ್ದಲ್ಲಿಗೆ ಒಯ್ದಳು. ಅವನ ಬೆರಳುಗಳು ಅಂಚನ್ನು ಸುತ್ತಿ ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೆ ಅವಳು ತನ್ನ ಹಿಡಿತ ಬಿಡಲಿಲ್ಲ.